ಅಂದಪ್ಪನವರ ಬಾಗಿಲು, ಇಂದ್ರಾಬಾಯಿಯ ಒಡಪು

"ಇನ್ನ ಮ್ಯಾಲೆ ಈ ಮನ್ಯಾಗ ಒಂದ ಕಂಪನಿ ಸಾಮಾನು. ಎರಡನೇದ್ದು ಹೊಸ್ತಿಲಾ ದಾಟಂಗಿಲ್ಲ" ಎಂದು ಅಂದಪ್ಪನವರು ಘೋಷಿಸಿದಾಗ ಹೆಂಡತಿ ಇಂದ್ರಾಬಾಯಿ ರೊಟ್ಟಿಗೆ ನೆಂಚಲು ಶೇಂಗಾ ಹಿಂಡಿ ಕುಟ್ಟುತ್ತಿದ್ದರು.

ಹುನಗುಂದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ, ಇಳಕಲ್ಲಿನಲ್ಲಿ ಮನೆ ಕಟ್ಟಿಸಿದ ಅಂದಪ್ಪನವರಿಗೆ ಶಿಸ್ತೆಂದರೆ ಪ್ರಾಣ. ಫೋನು, ಟಿ.ವಿ., ಫ್ಯಾನು, ಕೊನೆಗೆ ಬಾಗಿಲ ಬೀಗ, ಎಲ್ಲ ಒಂದೇ ಕಂಪನಿಯದು ಬಂತು. ಸುಖಕ್ಕೇನು ಕಡಿಮೆ! ಗಂಟೆ ಬಾರಿಸಿದವರ ಮುಖ ಟಿ.ವಿ.ಯಲ್ಲೇ ಮೂಡುತ್ತಿತ್ತು. ಮಾತಾಡಿದರೆ ಸಾಕು, ಫ್ಯಾನು ತಿರುಗುತ್ತಿತ್ತು. ಚಾರ್ಜರಿನ ವೈರು ಕೆಟ್ಟರೆ ಮಾತ್ರ ಊರಿನ ಯಾವ ವೈರೂ ಸೇರುತ್ತಿರಲಿಲ್ಲ; ಬಾಗಲಕೋಟೆಯ ಬಸ್ಸು ಹತ್ತಬೇಕಿತ್ತು.

ಬೀಗಕ್ಕೆ ಕೀಲಿಕೈಯೇ ಇಲ್ಲ. ಗಂಡ ಹೆಂಡತಿ ಇಬ್ಬರ ಧ್ವನಿ ಅದಕ್ಕೆ ಗುರುತು. ಅವರಲ್ಲೊಬ್ಬರು ಯಜಮಾನರ ಹೆಸರು ಹೇಳಿದರೆ ತೆರೆಯುತ್ತದೆ; ಟಿ.ವಿ., ಫ್ಯಾನಿಗೂ ಅದೇ ಗುರುತು. ಕೋರ್ಟಿನ ಬಾಗಿಲಲ್ಲಿ ಮಂದಿಯ ಹೆಸರು ಕೂಗಿಸಿದವರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಇಂದ್ರಾಬಾಯಿ ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಲ್ಲಿ ತಂದವರಲ್ಲ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಆಕೆ ಹೊರಗಿನಿಂದ ಬಂದರೆ ಸುಮ್ಮನೆ ಗಂಟೆ ಬಾರಿಸುತ್ತಿದ್ದರು.

ಮಗಳು ನೇತ್ರಾಳ ಅತ್ತೆ ಮಾವ, ಅಂದರೆ ಬೀಗರು, ಬಾದಾಮಿಯಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. "ನಮ್ಮ ಮನಿ ನನ್ನ ಮಾತು ಕೇಳ್ತೈತ್ರಿ, ಬಂದು ನೋಡ್ರಿ" ಎಂದು ಅಂದಪ್ಪನವರು ಅವರ ಮುಂದೆ ಕೊಚ್ಚಿಕೊಂಡಿದ್ದರು. ಹಿಂದಿನ ದಿನವಿಡೀ ಓಣಿಯವರಿಗೆ ಒಂದೇ ಕಂಪನಿಯ ಮಹಿಮೆ ಬಿತ್ತರಿಸಿ ಗಂಟಲು ಕಟ್ಟಿಹೋಗಿತ್ತು.

ಬೆಳಿಗ್ಗೆ ಸ್ನಾನ ಮಾಡಿ, ಟವಲು ಸುತ್ತಿಕೊಂಡು, ರಂಗೋಲಿ ಹಾಕುತ್ತಿದ್ದ ಹೆಂಡತಿಯನ್ನು ಧೋತರ ಎಲ್ಲಿದೆಯೆಂದು ಕೇಳಲು ಹೊರಬಂದರು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು.

"ಅಂದಪ್ಪ" ಎಂದರು. ಕಪ್ಪೆಯ ದನಿ ಬಂತು.

"ಧ್ವನಿ ಗುರುತು ಸಿಗುತ್ತಿಲ್ಲ" ಎಂದಿತು ಬೀಗ, ಬೆಂಗಳೂರಿನ ಕನ್ನಡದಲ್ಲಿ.

ಪಕ್ಕದ ಮನೆಯ ತೌಸಿಫ ತನ್ನ ಫೋನು ತಂದು ಕಂಪನಿಯ ಪುಟ ತೆರೆದ. ಓಟಿಪಿ ಬಂತು, ಮನೆಯೊಳಗಿನ ಫೋನಿಗೆ. ಹೂರಣದ ಬೇಳೆ ಸೀದ ವಾಸನೆಯೂ ಒಳಗಿನಿಂದಲೇ ಬಂತು. ಅಷ್ಟರಲ್ಲಿ ಬೀಗರ ಕಾರೂ ಬಂತು. ಅಂದಪ್ಪನವರು ಅಂಗಳದಲ್ಲಿದ್ದ ಸ್ಕೂಟರಿನ ಹಿಂದೆ ಕುಕ್ಕರಿಸಿದರು. ಮಾನ ಉಳಿಸಲು ಸ್ಕೂಟರು ಚಿಕ್ಕದು.

"ಇಲ್ಲ್ಯಾಕ ಕುಂತೀರಿ ಬೀಗರ?" ಎಂದರು ಬೀಗ ಹಣಮಪ್ಪ. "ಮನಿ ಮಾತು ಕೇಳವಲ್ದೇನ್ರಿ?"

"ಮನೆಯ ಇನ್ನೊಬ್ಬ ಸದಸ್ಯರು ಯಜಮಾನರ ಹೆಸರು ಹೇಳಲಿ. ಅವರು ಹೇಳಿದ್ದನ್ನೇ ಹೊಸ ಗುರುತಾಗಿ ಇಟ್ಟುಕೊಳ್ಳಲಾಗುವುದು" ಎಂದಿತು ಬಾಗಿಲ ಬೀಗ.

"ಹೇಳ ಲೇ, ಕೈ ಮುಗೀತೇನಿ" ಎಂದರು ಅಂದಪ್ಪನವರು ಹೆಂಡತಿಗೆ.

"ಏನ್ ಬೇಕಾದ್ರೂ ಹೇಳ್ತೇನ್ರಿ. ನಿಮ್ಮ ಹೆಸರು ಹೆಂಗ ಹೇಳ್ಲಿ?"

ಬೀಗತಿ ಸುಂದರವ್ವ ನಕ್ಕರು. "ಬರೇ ಹೆಸರು ಬ್ಯಾಡ ಬಿಡ್ರಿ. ಮದುವ್ಯಾಗ ಹೇಳ್ತೇವಲ್ಲ, ಹಂಗ ಪ್ರಾಸ ಹಾಕಿ ಒಡಪು ಕಟ್ಟಿ ಹೇಳ್ರಿ. ಒಡಪಿನ್ಯಾಗ ಹೇಳಿದ್ರ ತಪ್ಪಿಲ್ಲ."

ಇಂದ್ರಾಬಾಯಿ ತಲೆ ಮೇಲೆ ಸೆರಗು ಹೊದ್ದು, ಕ್ಷಣ ಯೋಚಿಸಿ, ಬೀಗದ ಕಡೆ ತಿರುಗಿದರು:

"ಫೋನು ಒಂದ, ಫ್ಯಾನು ಒಂದ, ಕಂಪನಿ ಒಂದ ಅಂತ ಕುಣದಾರಪ್ಪ,
ಟವೆಲ್ ಸುತ್ತಿ ಹೊರಗ ನಿಂತಾರ ನಮ್ಮನಿಯವರು ಅಂದಪ್ಪ."

ಬಾಗಿಲು ತೆರೆಯಿತು. ಓಣಿ ಚಪ್ಪಾಳೆ ತಟ್ಟಿತು. ಬೀಗರು ಸೀದ ಹೋಳಿಗೆಯನ್ನೂ ನಗುನಗುತ್ತಲೇ ಉಂಡು ಹೋದರು.

ಕಷಾಯ ಕುಡಿದು ಗಂಟಲು ಸರಿಯಾದ ಮೇಲೆ ಅಂದಪ್ಪನವರು ಟಿ.ವಿ. ಮುಂದೆ ಕೂತು ಗತ್ತಿನಿಂದ "ಅಂದಪ್ಪ" ಎಂದರು. "ಪೂರ್ತಿ ಹೇಳಿ" ಎಂದಿತು ಟಿ.ವಿ. ಫ್ಯಾನೂ ಅದನ್ನೇ ಹೇಳಿತು. ಎಲ್ಲ ಒಂದೇ ಕಂಪನಿಯವು ತಾನೇ, ಒಗ್ಗಟ್ಟು ಬಲು ಗಟ್ಟಿ. ಗುರುತು ಬದಲಿಸುವ ಹಕ್ಕು ಈಗ ಅದನ್ನು ಕೊಟ್ಟ ಇಂದ್ರಾಬಾಯಿಯ ಧ್ವನಿಗಷ್ಟೇ.

"ಸ್ವಲ್ಪ ಬದ್ಲಿ ಮಾಡಿ ಕೊಡ ಲೇ" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಎಲ್ಲಾಕೂ ಒಂದ ಇರಬೇಕಂತ ನೀವ ಅಂದಿದ್ರಲ್ರೀ" ಎಂದರು ಇಂದ್ರಾಬಾಯಿ, ಹಿಂಡಿ ಕುಟ್ಟುತ್ತ. "ಇರ್ಲಿ ಬಿಡ್ರಿ."

ವಾರ್ತೆಯ ಹೊತ್ತಾಗಿತ್ತು. ಮಾಜಿ ಶಿರಸ್ತೇದಾರರು ಕಿಟಕಿ ಮುಚ್ಚಿ, ಟಿ.ವಿ. ಮುಂದೆ ನಿಂತು, ದನಿ ತಗ್ಗಿಸಿ ಶುರು ಮಾಡಿದರು: "ಫೋನು ಒಂದ, ಫ್ಯಾನು ಒಂದ..."

"ಸ್ವಲ್ಪ ಜೋರಾಗಿ ಹೇಳಿ" ಎಂದಿತು ಟಿ.ವಿ.

ಹೇಳಿದರು. ಕೊನೆಗೆ ಬಂದ "ನಮ್ಮನಿಯವರು ಅಂದಪ್ಪ" ಓಣಿಯ ತುದಿಯವರೆಗೂ ಕೇಳಿಸಿತು.