ಗಿಡ್ಡನನ್ನು ಇಳಿಸಿದ್ದೇಕೆ?

ಅತ್ತೆ: ಅದೆಲ್ಲ ಬಿಡಿ ಅಳಿಯಂದಿರೇ. ನಾನು ಕೇಳ್ತಿರೋದು ಒಂದೇ ಮಾತು. ಗಿಡ್ಡನ್ನ ಯಾಕೆ ಇಳಿಸಿದ್ರಿ?

ಅಳಿಯ: ಅತ್ತೆ, ಈಗ ತಾನೇ ಒಳಗೆ ಬಂದಿದೀನಿ. ಕೈ ತೊಳ್ಕೊಂಡು ಬರ್ತೀನಿ, ತಾಳಿ.

ಅತ್ತೆ: ನಿನ್ನೆ ಗೆಲುವಿನಿಂದಲೇ ಕೈ ತೊಳ್ಕೊಂಡಾಯ್ತಲ್ಲ, ಇನ್ನೇನು ಉಳಿದಿದೆ?

ಅಳಿಯ ಒದ್ದೆ ಕೈಯಲ್ಲೇ ಬಂದು ಊಟದ ಮೇಜಿನ ಮುಂದೆ ಕುಳಿತ. ಅತ್ತೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಆ ಗಂಟಲನ್ನು ಪೂರ್ತಿಯಾಗಿ ಊರಿನ ಫುಟ್‌ಬಾಲ್ ತಂಡಕ್ಕೆ ಧಾರೆಯೆರೆದಿದ್ದರು. ಹೋದ ವರ್ಷ ಸ್ವಂತ ಅಳಿಯನೇ ಆ ತಂಡದ ಕೋಚ್ ಆದಾಗ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೊದಲ ಮ್ಯಾಚ್ ಮುಗಿದ ಮೇಲೆ ಹೇಳಿಕೊಳ್ಳುವುದನ್ನು ನಿಲ್ಲಿಸಿದರು. ಅವರ ಕಷ್ಟ ಒಂದೇ. ಬೇರೆ ಯಾರಾದರೂ ಆಗಿದ್ದರೆ ಏಕವಚನದಲ್ಲಿ ಝಾಡಿಸಿ ಹಗುರಾಗಬಹುದಿತ್ತು. ಅಳಿಯನಿಗೆ ಏನೇ ಬೈದರೂ ಬಹುವಚನದಲ್ಲಿ ಬೈಯಬೇಕು.

ಅಳಿಯ: ಎಪ್ಪತ್ತನೇ ನಿಮಿಷದಲ್ಲಿ ಒಂದು ಗೋಲು ಮುಂದಿದ್ವಿ ಅತ್ತೆ. ಅದನ್ನ ಉಳಿಸ್ಕೊಳ್ಳೋಣ ಅಂತ ಮುಂದೆ ಆಡ್ತಿದ್ದ ಗಿಡ್ಡನ್ನ ತೆಗೆದು ಹಿಂದಕ್ಕೆ ಒಬ್ಬನ್ನ ಹಾಕಿದೆ.

ಅತ್ತೆ: ಹಿಂದೆ ಆಗ್ಲೇ ಐದು ಜನ ಇದ್ರು. "ಮುಂದೆ ಹೋಗಿ, ಮುಂದೆ ಜಾಗ ಇದೆ" ಅಂತ ಮೂವತ್ತೊಂದು ವರ್ಷ ಗಂಟಲು ಹರ್ಕೊಂಡವಳು ನಾನು. ನಿಮ್ಮ ಹುಡುಗರು ನೋಡಿದ್ರೆ ಹಿಂದಿನ ಬಾಗಿಲಲ್ಲೇ ಜೋತಾಡ್ತಿದ್ರು!

ಅಳಿಯ: ಅದನ್ನ ಡಿಫೆನ್ಸ್ ಅಂತಾರೆ ಅತ್ತೆ.

ಅತ್ತೆ: ಅದನ್ನ ರಶ್ಶು ಅಂತಾರೆ. ಆ ರಶ್ಶಿನ ಮಧ್ಯೆಯೇ ಹತ್ತು ನಿಮಿಷದಲ್ಲಿ ಎರಡು ಗೋಲು ಹಾಕಿಸ್ಕೊಂಡ್ರಲ್ಲ!

ಅಡುಗೆಮನೆಯಿಂದ ಮಗಳು ಪಾತ್ರೆ ಹಿಡಿದು ಬಂದಳು. ಚೆಂಡು ದುಂಡಗಿರುತ್ತದೆ ಎಂಬುದೊಂದನ್ನು ಬಿಟ್ಟರೆ ಅವಳಿಗೆ ಆಟದ ವಿಷಯ ಏನೂ ತಿಳಿಯದು.

ಮಗಳು: ಯಾರನ್ನ ಇಳಿಸಿದ್ರಂತೆ?

ಅತ್ತೆ: ಗಿಡ್ಡನ್ನ! ಚೆನ್ನಾಗಿ ಓಡ್ತಿದ್ದವನನ್ನ, ಅರ್ಧ ದಾರೀಲಿ!

ಮಗಳು: ರೀ! ಕಾರಲ್ಲಿ ಕೂರಿಸ್ಕೊಂಡು ಹೋಗಿ ಅರ್ಧ ದಾರೀಲಿ ಇಳಿಸಿಬಿಟ್ರಾ? ಆ ಬಿಸಿಲಲ್ಲಿ?

ಅಳಿಯ: ಕಾರಿಂದ ಅಲ್ಲ ಕಣೇ, ಮೈದಾನದಿಂದ. ಬೆಂಚಿಗೆ ಕಳಿಸಿದೆ.

ಮಗಳು: ಓ, ಕೂರೋದಕ್ಕೆ ತಾನೇ? ಒಳ್ಳೇದಾಯ್ತು ಬಿಡಿ. ಅಷ್ಟು ಹೊತ್ತು ಓಡಿ ಸುಸ್ತಾಗಿರುತ್ತೆ, ಪಾಪ.

ಅತ್ತೆ: ಇವಳನ್ನೇ ಕೋಚ್ ಮಾಡಿ ಅಳಿಯಂದಿರೇ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

ಅತ್ತೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಉಪ್ಪಿನ ಡಬ್ಬಿಯನ್ನು ಗೋಲ್‌ಕೀಪರ್ ಎಂದು ಮೇಜಿನ ಅಂಚಿಗೆ ನಿಲ್ಲಿಸಿ, ಐದು ಚಮಚಗಳನ್ನು ಅದರೆದುರು ಸಾಲಾಗಿ ಮಲಗಿಸಿದರು.

ಅತ್ತೆ: ಇವು ನಿಮ್ಮ ಐದು ಜನ. ಮಲಗಿರೋದು ಸರಿಯಾಗೇ ಇದೆ, ನಿನ್ನೇನೂ ಹೀಗೇ ಇದ್ರು. ಇಲ್ಲಿ ಮುಂದೆ ಈ ಲೋಟ ಇದೆಯಲ್ಲ, ಇದು ಗಿಡ್ಡ. ಗಿಡ್ಡ ಇಲ್ಲಿ ಇರೋವರೆಗೂ ಅವರ ಕಡೆಯೋರು ಇಬ್ಬರು ಇವನನ್ನ ಕಾಯ್ತಾ ಇಲ್ಲೇ ಇರ್ಬೇಕು. ಹೌದು ತಾನೇ?

ಅಳಿಯ: ಹೌದು.

ಅಷ್ಟರಲ್ಲಿ ಮಗಳು ನೀರು ತುಂಬಲು ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಅತ್ತೆ: ನೋಡಿ! ನೋಡಿ! ನೀವು ನಿನ್ನೆ ಮಾಡಿದ್ದು ಥೇಟ್ ಇದನ್ನೇ!

ಅಳಿಯ ನಗಲಿಲ್ಲ. ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಚಮಚಗಳ ಪಕ್ಕದಲ್ಲಿಟ್ಟ.

ಅಳಿಯ: ಇವತ್ತು ಸಂಜೆ ಕಮಿಟಿ ಮೀಟಿಂಗ್ ಇದೆ ಅತ್ತೆ. ನನ್ನನ್ನ ತೆಗೀಬೇಕು ಅಂತ ಯಾರೋ ಅವರಿಗೆ ಬರ್ದಿದಾರೆ. ಹೆಸರಿಲ್ಲ. ನಾಲ್ಕು ಪುಟ. ಬೆಳಗ್ಗೆ ಅಧ್ಯಕ್ಷರು ಕರೆದು ಕೈಗೆ ಕೊಟ್ರು.

ಅತ್ತೆ ಇದ್ದಕ್ಕಿದ್ದಂತೆ ಚಮಚಗಳನ್ನು ನೆಟ್ಟಗೆ ಜೋಡಿಸತೊಡಗಿದರು. ಮಗಳು ತುಂಬಿದ ಲೋಟ ಹಿಡಿದು ಹೊರಬಂದಳು.

ಮಗಳು: ಏನಂತ ಬರ್ದಿದಾರೆ ಹಾಳಾದೋರು? ಓದಿ.

ಅಳಿಯ: "ಮಾನ್ಯರೇ, ಕೋಚ್ ಅವರು ಸ್ವಭಾವದಲ್ಲಿ ಅಪ್ಪಟ ಚಿನ್ನ. ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮಾಡಿದ ಅಡುಗೆಗೆ ಒಂದು ದಿನವೂ ಹೆಸರಿಟ್ಟವರಲ್ಲ. ಆದರೆ ದಯವಿಟ್ಟು ಅವರನ್ನು ಕೂಡಲೇ ಕೆಲಸದಿಂದ ತೆಗೆಯಬೇಕು."

ಮಗಳು: ಅಡುಗೆ ವಿಷಯ ಹೊರಗಿನೋರಿಗೆ ಹೇಗೆ ಗೊತ್ತು?

ಅತ್ತೆ: ಊರು ಅಂದ್ಮೇಲೆ ನೂರು ಬಾಯಿ ಇರುತ್ತೆ.

ಅಳಿಯ: "ಇದರಿಂದ ಅವರ ಸೊಂಟನೋವಿಗೂ ಸ್ವಲ್ಪ ವಿಶ್ರಾಂತಿ ಸಿಕ್ಕಂತಾಗುತ್ತದೆ. ಬಿಸಿನೀರಿನ ಶಾಖ ಎಷ್ಟು ದಿನ ಅಂತ ಕೊಡುವುದು?"

ಮಗಳು: ಅಮ್ಮಾ!

ಅತ್ತೆ: ಎರಡನೇ ಗೋಲು ಹೋಯ್ತು, ಕೈಗೆ ಪೆನ್ನು ಬಂತು. ನಾನೇನು ಮಾಡ್ಲಿ? ಬೈಗುಳಾನೇ ಬರೀಬೇಕು ಅಂತ ಕೂತೆ. ಬರೀತಾ ಬರೀತಾ ಹೊಗಳಿಕೆ ಅಡ್ಡ ಬಂತು.

ಅಳಿಯ ಕಾಗದವನ್ನು ಮಡಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅತ್ತೆಗೆ ಅದೇ ಹೆಚ್ಚು ಚುಚ್ಚಿತು.

ಅಳಿಯ: ಗಿಡ್ಡನ ಕಾಲು ಉಳುಕಿತ್ತು ಅತ್ತೆ. ಐದು ನಿಮಿಷದಿಂದ ಹಲ್ಲು ಕಚ್ಕೊಂಡು ಓಡ್ತಿದ್ದ. ಹತ್ತಿರ ಬಂದಾಗ ನನಗೆ ಗೊತ್ತಾಯ್ತು. "ಯಾರಿಗೂ ಹೇಳ್ಬೇಡಿ ಸಾರ್" ಅಂದ. ಮುಂದಿನ ತಿಂಗಳು ದೊಡ್ಡ ಕ್ಲಬ್ಬಿನೋರು ಅವನನ್ನ ನೋಡೋಕೆ ಬರ್ತಾರೆ. ವಾರದಲ್ಲಿ ವಾಸಿಯಾಗುತ್ತೆ ಅಂದಿದಾರೆ ಡಾಕ್ಟ್ರು. ಆದ್ರೆ ಕಾಲು ಕೆಟ್ಟಿದೆ ಅಂತ ಸುದ್ದಿ ಹಬ್ಬಿದ್ರೆ ಅವರು ಬರೋದೇ ಇಲ್ಲ.

ಅತ್ತೆ: ಹಾಗಿದ್ರೆ ಹಿಂದೆ ಒಬ್ಬನ್ನ ಹಾಕ್ಬೇಕಿತ್ತು ಅಂತ ಹೇಳಿದ್ದು?

ಅಳಿಯ: ಏನಾದ್ರೂ ಒಂದು ಹೇಳ್ಬೇಕಲ್ಲ.

ಅತ್ತೆ: ಅಷ್ಟು ದೊಡ್ಡ ಮೈದಾನ ಪೂರ್ತಿ ನಿಮಗೆ ಬೈತಿತ್ತು. ಸುಮ್ನೆ ಕೇಳಿಸ್ಕೊಂಡು ನಿಂತಿದ್ರಾ?

ಅಳಿಯ: ಪೂರ್ತಿ ಮೈದಾನ ಅಲ್ಲ ಅತ್ತೆ. ನನಗೆ ಕೇಳಿಸಿದ್ದು ಒಂದೇ ದನಿ.

ಅತ್ತೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಎದ್ದವರೇ ಮಗಳ ಫೋನು ಕಿತ್ತುಕೊಂಡರು.

ಮಗಳು: ಅಮ್ಮ, ಗಿಡ್ಡನ ವಿಷಯ ಬಾಯಿ ಬಿಡ್ಬೇಡ!

ಅತ್ತೆ: ನನಗೆ ಗೊತ್ತಿಲ್ವಾ? ಹಲೋ, ಅಧ್ಯಕ್ಷರಾ? ಹೆಸರಿಲ್ಲದ ಕಾಗದ ಬರೆದೋಳು ಮಾತಾಡ್ತಿದೀನಿ. ಹೆಸರಾ? ಇದೆ, ಹೇಳಲ್ಲ. ಆ ಕಾಗದಾನ ಲೆಕ್ಕಕ್ಕೆ ಇಟ್ಕೋಬೇಡಿ. ನಾನು ಕೂತಿದ್ದ ಜಾಗದಿಂದ ಎಲ್ಲಾ ಕಾಣ್ತಿರಲಿಲ್ಲ. ಹುಡುಗರ ಮೇಲೆ ಬೀಳೋ ಮಾತನ್ನ ತಾನು ಹೊತ್ಕೊಳ್ಳೋ ಮನುಷ್ಯ ಅದು. ಅಂಥೋರು ಹುಡುಕಿದ್ರೂ ಸಿಗಲ್ಲ ನಿಮಗೆ. ಅವರನ್ನೇನಾದ್ರೂ ತೆಗೆದ್ರೋ, ಮುಂದಿನ ಮ್ಯಾಚಿಗೆ ನಾನು ನಿಮ್ಮ ಪಕ್ಕದ ಕುರ್ಚೀಲೇ ಕೂರ್ತೀನಿ. ಪೂರ್ತಿ ತೊಂಬತ್ತು ನಿಮಿಷ!

ಆ ಕಡೆಯಿಂದ ಅಧ್ಯಕ್ಷರು ಅವಸರವಾಗಿ ಏನೋ ಹೇಳಿದರು. ಅತ್ತೆ "ಹೂಂ, ಹೂಂ" ಎನ್ನುತ್ತಿದ್ದವರು "ಆಂ?" ಎಂದು ನಿಂತರು. ಫೋನನ್ನು ಮೆಲ್ಲಗೆ ಕೆಳಗಿಟ್ಟರು.

ಮಗಳು: ಏನಂತೆ? ಇವರನ್ನ ಉಳಿಸ್ಕೊಳ್ತಾರಂತಾ?

ಅತ್ತೆ: ಮೀಟಿಂಗೇ ಬೇಡ ಅಂದ್ರು. ಇನ್ನೂ ಎರಡು ವರ್ಷಕ್ಕೆ ಇವರೇ ಕೋಚಂತೆ. ಈಗ್ಲೇ ಸಹಿ ಹಾಕ್ತಾರಂತೆ.

ಮಗಳು ಚಪ್ಪಾಳೆ ತಟ್ಟಿದಳು. ಅಳಿಯನ ಮುಖ ಬೆಳಗ್ಗೆಯಿಂದ ಮೊದಲ ಸಲ ಅರಳಿತು. ಅತ್ತೆ ಮಾತ್ರ ಕುರ್ಚಿಯಲ್ಲಿ ಕುಸಿದು ಕುಳಿತರು.

ಅಳಿಯ: ಯಾಕತ್ತೆ, ಖುಷಿಯಾಗಲಿಲ್ವಾ?

ಅತ್ತೆ: ನಿಮ್ಮ ಮಟ್ಟಿಗೆ ತುಂಬಾ ಖುಷಿ ಅಳಿಯಂದಿರೇ. ಎರಡು ವರ್ಷ ನೀವು ಹೇಗೋ ಆಡಿಸಿಬಿಡ್ತೀರಿ. ನೋಡ್ಬೇಕಾದೋಳು ನಾನಲ್ವಾ!