ಗಾದಿ ಕೋಣೆಯ ಗಿಟಾರು

ಗಾದಿ ಹೊಲಿಯುವವನು ಗಿಟಾರು ಹಿಡಿದರೆ ಏನೇನಾಗುತ್ತದೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಬಳ್ಳಾರಿಯ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದು, ಊರವರೆಲ್ಲ ಲಾರಿ ಕೊಳ್ಳುತ್ತಿದ್ದ ಕಾಲದಲ್ಲಿ ನಾನು ಒಂದು ಹಳೇ ಗಿಟಾರು ಕೊಂಡೆ. ಬಾರಿಸಿದ್ದನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕೆಂಬ ಹಟ ಬೇರೆ. ಅವತ್ತಿನಿಂದ ವಾರಕ್ಕೊಂದು ಫಜೀತಿ ತಪ್ಪಿಲ್ಲ. ಆದರೆ ಸೋತೆ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಎಷ್ಟು ಮಂದಿ ಸೇರತಾರ?

ಮೊದಲು ಮೈಕು ಬೇಕಲ್ಲ. ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಹೋಗಿ, "ಒಂದು ಮೈಕ್ ಕೊಡ್ರಿ" ಅಂದೆ.

ಅಂಗಡಿಯವರು ಎರಡು ದೊಡ್ಡ ಹಾರ್ನ್ ಸ್ಪೀಕರ್ ಇಳಿಸಿ ಮುಂದಿಟ್ಟರು. "ಎಷ್ಟು ಸಾವಿರ ಮಂದಿ ಸೇರತಾರ?"

"ಯಾರೂ ಸೇರಂಗಿಲ್ರಿ. ನಾನೊಬ್ಬನ."

"ಒಬ್ಬನ ಮುಂದ ಭಾಷಣ ಮಾಡಾಕ ಮೈಕ್ ಯಾಕ್ರಿ?"

"ಭಾಷಣಕ್ಕಲ್ರಿ. ನನ್ನ ಸಪ್ಪಳ ಹೊರಗ ಹೋಗಬಾರದು, ಒಳಗ ಹೋಗಬೇಕು. ಕಂಪ್ಯೂಟರಿನೊಳಗ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ, ಕಿವಿಗೆ ಹಾಕಿಕೊಂಡು ಮಾತಾಡುವ ಕಂಪ್ಯೂಟರ್ ಮೈಕೊಂದನ್ನು ಮೂಲೆಯಿಂದ ಹುಡುಕಿಕೊಟ್ಟರು. ನಾನು ಖುಷಿಯಿಂದ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಅವರ ದನಿ ಕೇಳಿತು. ಪಕ್ಕದವರಿಗೆ ಹೇಳುತ್ತಿದ್ದರು: "ಎಲೆಕ್ಷನ್‌ಗೆ ನಿಂತಾನ ಅನಸ್ತೈತಿ. ಪಾಪ, ಅವನ ಹಿಂದ ಒಬ್ಬನೂ ಇಲ್ಲ."

ಹಾಡುವ ಗಾದಿ

ಸ್ಟುಡಿಯೋದ ಗೋಡೆಗೆ ಮೆತ್ತನೆಯದೇನಾದರೂ ಹಾಕಿದರೆ ಸದ್ದು ಗುಂಯ್‌ಗುಡುವುದಿಲ್ಲವಂತೆ. ಮೆತ್ತನೆಯದಕ್ಕೆ ನಮ್ಮಲ್ಲಿ ಬರವೇ? ಅಂಗಡಿಯ ಹಿಂದಿನ ಕೋಣೆಯಲ್ಲಿ ಸುತ್ತಲೂ ಗಾದಿ ಒಟ್ಟಿ ನಡುವೆ ಕುಳಿತೆ. ಅಪ್ಪ ಹತ್ತಿ ಬಡಿಯುತ್ತಿದ್ದ ಹಳೇ ಬಿಲ್ಲನ್ನು ಗೋಡೆಗೆ ಆನಿಸಿ, ಅದರ ತುದಿಗೆ ಮೈಕು ಕಟ್ಟಿದೆ.

ಬಾದನಹಟ್ಟಿಯಿಂದ ಒಬ್ಬ ಅಜ್ಜಿ ಗಾದಿ ನೋಡಲು ಬಂದಿದ್ದರು. ಒಳಗೆ ನಾನಿರುವುದು ಅವರಿಗೆ ಗೊತ್ತಿಲ್ಲ, ಹೊರಗೆ ಅವರಿರುವುದು ನನಗೆ ಗೊತ್ತಿಲ್ಲ. ಅಜ್ಜಿ ಮೇಲಿನ ಗಾದಿಯನ್ನು ಒತ್ತುವುದಕ್ಕೂ ನಾನು ತಂತಿ ಮೀಟುವುದಕ್ಕೂ ಸರಿಹೋಯಿತು. ಅಜ್ಜಿ ಕೈ ತೆಗೆದರು. ನಾನೂ ಶ್ರುತಿ ಸರಿಮಾಡಲು ನಿಲ್ಲಿಸಿದೆ. ಅವರು ಮತ್ತೆ ಒತ್ತಿದರು. ನಾನೂ ಮತ್ತೆ ಮೀಟಿದೆ.

"ಇದ ಬೇಕವ್ವ ನನಗ, ಬ್ಯಾರೇದು ಬ್ಯಾಡ" ಅಂತ ಅಂಗಡಿಯಲ್ಲಿದ್ದ ನನ್ನ ಹೆಂಡತಿಯ ಹತ್ತಿರ ಹಟ ಹಿಡಿದು, ಆ ಗಾದಿಯನ್ನೇ ಒಯ್ದರು.

ಮರುವಾರ ಮೊಮ್ಮಗಳನ್ನು ಕರೆದುಕೊಂಡು ದೂರು ಹೇಳಲು ಬಂದರು. "ನಮ್ಮ ಮನ್ಯಾಗ ಹಾಡವಲ್ದು. ಊರು ಬಿಟ್ಟು ಬಂದದ್ದಕ್ಕ ಬೇಜಾರಾಗೈತೇನು ನೋಡು."

ಲಾರಿ ಎಷ್ಟು ಚಂದ ಬಂದೈತಿ!

ಸಿರುಗುಪ್ಪದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಗೆಳೆಯನೊಬ್ಬ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಸಿಡಿಗೆ ಹಾಕಿಕೊಟ್ಟ. ಪೂರ್ತಿ ಪುಕ್ಕಟೆ. "ಪುಕ್ಕಟೆ ಕೊಡತಾರಂದ್ರ ನಾಳೆ ಓಟು ಕೇಳಾಕ ಬರತಾರ ನೋಡ್ರಿ" ಅಂದಳು ನನ್ನ ಹೆಂಡತಿ.

ಅದರಲ್ಲೊಂದು ಜಾದೂ ಇತ್ತು. ಬರೀ ಗದ್ದಲವಿರುವ ತುಣುಕನ್ನು ಆರಿಸಿ 'ಇದೇ ಗದ್ದಲ' ಅಂತ ತೋರಿಸಿದರೆ, ಅಂಥದ್ದನ್ನೆಲ್ಲ ಅದೇ ಹುಡುಕಿ ಅಳಿಸುತ್ತದೆ. ನಮ್ಮ ರಸ್ತೆಯಲ್ಲಿ ಅದಿರು ಲಾರಿಗಳದು ಬಿಡುವಿಲ್ಲದ ಓಡಾಟ. ನಾನು ಅವಸರದಲ್ಲಿ ಲಾರಿ ಬರುವ ಮುಂಚಿನ ತುಣುಕನ್ನು ಆರಿಸಿದ್ದೆ. ಅಂದರೆ ಬರೀ ಗಿಟಾರು. ಸಾಫ್ಟ್‌ವೇರ್ ಹೇಳಿದಂತೆ ಕೇಳಿತು. ಗಿಟಾರನ್ನು ಗುಡಿಸಿ ಹಾಕಿ ಲಾರಿಯನ್ನು ಉಳಿಸಿಕೊಟ್ಟಿತು.

ಹೆಂಡತಿ ಕೇಳಿ, "ಲಾರಿ ಎಷ್ಟು ಚಂದ ಬಂದೈತಿ!" ಅಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು ಬಂದರು. ಆಗಿನ ಹುರುಪಿನಲ್ಲಿ ಅವರೂ ಒಂದು ಲಾರಿ ಇಟ್ಟಿದ್ದರು. ಕಿವಿಗೊಟ್ಟು ಕೇಳಿದವರೇ, "ಏ, ಇದು ನಮ್ಮ ಲಾರೀನ! ಒಳಗ ಏನೋ ಕಟಕಟ ಅಂತೈತಲ್ಲ?" ಅಂದರು. ಮೂರು ಸಲ ಹಾಕಿಸಿ ಕೇಳಿ, ಸೀದಾ ಮೆಕ್ಯಾನಿಕ್ ಹತ್ತಿರ ಓಡಿದರು. ಚಕ್ರದ ಬೇರಿಂಗು ಪುಡಿಯಾಗುವುದರಲ್ಲಿತ್ತಂತೆ. ಮರುದಿನ ಆ ಲಾರಿ ತುಂಬಿದ ಲೋಡಿನೊಂದಿಗೆ ಘಾಟಿ ಇಳಿಯಬೇಕಿತ್ತು. ಡ್ರೈವರು ನನ್ನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡ.

ಅದಾದ ಮೇಲೆ ಗಿಟಾರು ಕೇಳಲು ಒಬ್ಬರೂ ಬರಲಿಲ್ಲ. ಲಾರಿ ರೆಕಾರ್ಡ್ ಮಾಡಿಸಲು ಮೂವರು ಬಂದರು.

ಕುಂಯ್

ಲಾರಿ ನಿಂತರೆ ಪಕ್ಕದ ಹಿಟ್ಟಿನ ಗಿರಣಿ. ಅದು ಬಾಯಿ ಮುಚ್ಚುವುದು ಕರೆಂಟ್ ಹೋದಾಗ ಮಾತ್ರ. ಆದರೆ ಕರೆಂಟ್ ಹೋದರೆ ಕಂಪ್ಯೂಟರೂ ಹೋಗುತ್ತದೆ. ಅದಕ್ಕೇ ಹಳೇ ಯುಪಿಎಸ್ ಒಂದನ್ನು ತಂದಿಟ್ಟೆ. ಹತ್ತು ನಿಮಿಷ ಜೀವ ಹಿಡಿಯುತ್ತಿತ್ತು. ಓಣಿಯೆಲ್ಲ ಕರೆಂಟ್ ಬರಲಿ ಅಂತ ಕಾಯುತ್ತಿದ್ದರೆ, ಹೋಗಲಿ ಅಂತ ದುವಾ ಮಾಡುತ್ತಿದ್ದವನು ನಾನೊಬ್ಬನೇ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಗಿರಣಿ ನಿಂತಿತು. ಓಡಿ ಹೋಗಿ ಗಿಟಾರು ಹಿಡಿದೆ. ಆಗ ಯುಪಿಎಸ್ ಒಂದೇ ಅಳತೆಯಲ್ಲಿ 'ಕುಂಯ್, ಕುಂಯ್' ಅಂತ ಕೂಗತೊಡಗಿತು. ಅದರ ಬಾಯಿ ಮುಚ್ಚಿಸುವ ದಾರಿ ಗೊತ್ತಾಗಲಿಲ್ಲ. ಆದದ್ದಾಗಲಿ ಅಂತ ಅದರ ಕುಂಯ್‌ಗೆ ಸರಿಯಾಗಿಯೇ ಬಾರಿಸಿದೆ. ನನ್ನ ಕೈ ಅಷ್ಟು ಹದವಾಗಿ ಯಾವತ್ತೂ ಓಡಿರಲಿಲ್ಲ.

ಕಳಿಸಿದ ಸಿಡಿ ಕೇಳಿ ಸಿರುಗುಪ್ಪದ ಗೆಳೆಯ ಫೋನ್ ಮಾಡಿದ. "ನೀನು ಬಾರಿಸಿದ್ದು ಛಲೋ ಐತಿ ಬಿಡು. ಆದ್ರ ತಾಳಕ್ಕ ಒಬ್ಬಾತನ್ನ ಕೂಡಿಸಿಕೊಂಡೀಯಲ್ಲ, ಅವನ ಮುಂದ ನೀನು ಏನೂ ಅಲ್ಲಲೇ!"

ಎಲ್ಲಾರೂ ಏಳ್ರಿ

ಆ ಗೆಳೆಯನಿಗೆ ಹೊಸ ರೆಕಾರ್ಡಿಂಗ್ ಕೇಳಿಸಲೆಂದು ಸಿಡಿ ಚೀಲದಲ್ಲಿಟ್ಟುಕೊಂಡು ಸಿರುಗುಪ್ಪಕ್ಕೆ ಹೋದೆ. ಅಲ್ಲೇ ಅಕ್ಕಿ ಗಿರಣಿ ಸಾಹುಕಾರರ ಮಗಳ ಮದುವೆ. ಬೀಗರಿಗೆ ಗಾದಿ ಹೊಲಿದುಕೊಟ್ಟವನು ನಾನೇ ಆದ್ದರಿಂದ ನನಗೂ ಕರೆ ಇತ್ತು. ತಾಳಿ ಕಟ್ಟಿಯಾಗಿತ್ತು. ಊಟಕ್ಕೆ ಇನ್ನೂ ಒಂದು ತಾಸು. ಅಷ್ಟು ಹೊತ್ತು ಗಿಟಾರು ಕೇಳಿಸಲು ದೊಡ್ಡ ಊರಿಂದ ಒಬ್ಬ ಕಲಾವಿದರನ್ನು ಕರೆಸಿದ್ದರು. ಅವರ ಕಾರು ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಅಲುಗಾಡುತ್ತಿಲ್ಲ ಅಂತ ಫೋನ್ ಬಂತು. ಮದುಮಗಳ ಮುಖ ಸಪ್ಪಗಾಯಿತು. ಗಿಟಾರು ಬೇಕು ಅಂದವಳೇ ಅವಳು.

ಗೆಳೆಯ ನನ್ನನ್ನು ಸಾಹುಕಾರರ ಮುಂದೆ ತಳ್ಳಿದ. "ಇವನೂ ಬಾರಸ್ತಾನ್ರಿ. ಗಿಟಾರು ಮನ್ಯಾಗ ಐತಿ, ಸಿಡಿ ಚೀಲದಾಗ ಐತಿ."

"ಗಾದಿಯವರು?" ಅಂದರು ಸಾಹುಕಾರರು. ಬೇರೆ ದಾರಿಯಿರಲಿಲ್ಲ. "ಹಾಕ್ರಿ ಅತ್ಲಾಗ."

ಹಾಕಿದರು. ಇಡೀ ಮಂಟಪದಲ್ಲಿ ನನ್ನ ಗಿಟಾರು! ಮಾತು ತಾನಾಗೇ ನಿಂತಿತು. ಮದುಮಗಳು ತಲೆ ಎತ್ತಿ ನಕ್ಕಳು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿದರು. ನನ್ನ ಎದೆ ಎರಡು ಗಾದಿಯಷ್ಟು ಉಬ್ಬಿತು.

ಆಗ ನೆನಪಾಯಿತು. ಇದನ್ನು ಮನೆಯಲ್ಲಿ ರೆಕಾರ್ಡ್ ಮಾಡುವಾಗ ನಮ್ಮವ್ವ ನಡುವೆ ಬಾಯಿ ಹಾಕಿದ್ದಳು. ಅದನ್ನು ಕತ್ತರಿಸಿ ತೆಗೆದ ಸಿಡಿ ಮನೆಯಲ್ಲಿತ್ತು. ಕತ್ತರಿಸದೆ ಇದ್ದದ್ದು ಇಲ್ಲಿ ಓಡುತ್ತಿತ್ತು. ನಾನು ಎದ್ದು ಓಡುವಷ್ಟರಲ್ಲಿ ಮಂಟಪದ ಆರೂ ಸ್ಪೀಕರಿನಿಂದ ಅವ್ವನ ದನಿ ಗುಡುಗಿತು:

"ಎಲ್ಲಾರೂ ಊಟಕ್ಕ ಏಳ್ರಿ! ಅನ್ನ ಆರಾಕ ಹತ್ತೈತಿ!"

ಮಂಟಪಕ್ಕೆ ಮಂಟಪವೇ ಎದ್ದಿತು. ಬೀಗರು ಮುಂದೆ, ಊರವರು ಹಿಂದೆ. ಊಟದ ಮನೆಯಲ್ಲಿ ಎಲೆ ಹಾಕಿರಲಿಲ್ಲ, ಹೋಳಿಗೆ ಇನ್ನೂ ತಟ್ಟುತ್ತಿದ್ದರು. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತು, "ಯಾರ್ರೀ ಎಬ್ಬಿಸಿದ್ದು?" ಅಂತ ಕೂಗಿದರು.

ನಾನು ಕೈಮುಗಿದು, "ನಮ್ಮವ್ವ" ಅಂದೆ.

ಮೊದಲು ನಕ್ಕವಳು ಮದುಮಗಳು. ಆಮೇಲೆ ಸಾಹುಕಾರರು, ಬೀಗರು, ಸೌಟು ಹಿಡಿದವರು, ಎಲ್ಲರೂ. "ಮತ್ತ ಹಾಕ್ರಿ, ಮೊದಲಿಂದ ಹಾಕ್ರಿ" ಅಂತ ಅವಳೇ ಹೇಳಿ ಹಾಕಿಸಿದಳು. ಊಟ ಮುಗಿಯುವುದರೊಳಗೆ ನಾಲ್ಕು ಸಲ ಹಾಕಿದರು. ಅವ್ವನ ಮಾತು ಬಂದಾಗಲೆಲ್ಲ ಪಂಕ್ತಿಗೆ ಪಂಕ್ತಿಯೇ ಚಪ್ಪಾಳೆ ತಟ್ಟಿತು. ಹೊರಡುವಾಗ ಮದುಮಗಳು ಗಂಡನ ಮನೆಗೆ ಒಯ್ಯಲು ಸಿಡಿಯನ್ನು ಕೇಳಿ ಇಸಿದುಕೊಂಡಳು. ಕತ್ತರಿಸಿದ್ದು ಬೇಡ, ಇದೇ ಬೇಕು ಅಂತ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಅವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದಳು:

"ನಾನು ಒಂದ ಮಾತು ಅಂದದ್ದಕ್ಕ ಅಷ್ಟೂ ಮಂದಿ ಎದ್ದರೇನು?"

"ಎದ್ದರವ್ವ. ಬೀಗರೂ ಎದ್ದರು."

"ಗುರ್ತಿಲ್ಲದ ಮಂದಿ ಒಂದ ಮಾತಿಗೆ ಏಳತಾರ. ನನ್ನ ಹೊಟ್ಟ್ಯಾಗ ಹುಟ್ಟಿದ ಮಗನ್ನ ಮಾತ್ರ ಮೂರು ಸಲ ಕರೀಬೇಕು. ಏಳಲೇ, ಊಟಕ್ಕ!"