ಉಂಗುರ ಮುಚ್ಚುವ ಆತುರ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನ ಹುಟ್ಟುಗುಣ ಆತುರ. ಲಿಫ್ಟಿನ ಗುಂಡಿಯನ್ನು ಒಮ್ಮೆ ಒತ್ತಿದರೆ ನಂಬಿಕೆ ಬರುವುದಿಲ್ಲ, ಐದು ಸಲ ಒತ್ತುತ್ತೇನೆ. ಗಾಂಧಿಬಜಾರಿನಲ್ಲಿ ದೋಸೆಗೆ ಟೋಕನ್ ತೆಗೆದುಕೊಂಡರೆ ಕಾವಲಿಯನ್ನೇ ದುರುಗುಟ್ಟಿಕೊಂಡು ನಿಲ್ಲುತ್ತೇನೆ. ಹೆಣ್ಣು ನೋಡಲು ಹೋದ ದಿನ, ಹುಡುಗಿ ಹೊರಗೆ ಬರುವ ಮೊದಲೇ ಉಪ್ಪಿಟ್ಟು ಮುಗಿಸಿ, ತಟ್ಟೆ ಎಲ್ಲಿಡಲಿ ಎಂದು ಕೇಳಿದ್ದೆನಂತೆ. ಆ ಹುಡುಗಿ, ಅಂದರೆ ನನ್ನ ಹೆಂಡತಿ ಸುಮಿತ್ರಾ, ತ್ಯಾಗರಾಜನಗರದ ನಮ್ಮ ಮನೆಗೆ ಬಂದವರಿಗೆಲ್ಲ ಇದನ್ನು ಇವತ್ತಿಗೂ ಹೇಳುತ್ತಾಳೆ.

ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ರಸಾಯನಶಾಸ್ತ್ರವನ್ನು! ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಉಂಗುರದಾಕಾರದ ಅಣುಗಳನ್ನು ಮಾಡುವುದು ನನ್ನ ಕೆಲಸ. ಉದ್ದನೆಯ ಸರದಂಥ ಅಣುವಿನ ತಲೆಗೂ ಬಾಲಕ್ಕೂ ಗಂಟು ಹಾಕಬೇಕು. ಕಾಗದದ ಮೇಲೆ ಯಾರು ಬೇಕಾದರೂ ಬಿಡಿಸಬಹುದು, ಫ್ಲಾಸ್ಕಿನಲ್ಲಿ ಮಾಡುವಾಗ ತಾತ ಮುತ್ತಾತ ಎಲ್ಲ ನೆನಪಾಗುತ್ತಾರೆ. ಆದ್ದರಿಂದ ಯಾರು ಏನು ಬಿಡಿಸಿದರೂ ಮೊದಲು ನನ್ನ ಮುಂದೆ ತಂದು, "ಇದು ಆಗುತ್ತಾ ಸರ್?" ಎಂದು ಕೇಳುತ್ತಿದ್ದರು. ನಾನು "ಆಗಲ್ಲ" ಎಂದರೆ ಮುಗಿಯಿತು. ಆ ಒಂದು ಮಾತಿನ ಮೇಲೆ ಮೂವತ್ತು ವರ್ಷ ಮೀಸೆ ತಿರುವಿದ್ದೇನೆ.

ಈಗ ನಮ್ಮ ಲ್ಯಾಬಿನ ಶ್ರುತಿ ಒಂದು ಎಐ ಸಾಫ್ಟ್‌ವೇರ್ ಕಟ್ಟಿದ್ದಾಳೆ. ಉಂಗುರವನ್ನು ಅದೇ ಬಿಡಿಸುತ್ತದೆ. ಮಾಡಲು ಆಗುವುದಾದರೆ ಹಸಿರು, ಆಗದಿದ್ದರೆ ಕೆಂಪು ಎಂದು ತೀರ್ಪನ್ನೂ ಅದೇ ಕೊಡುತ್ತದೆ. ನನಗೆ ಹೊಟ್ಟೆ ಉರಿಯಿತು. ನಮ್ಮ ನಿರ್ದೇಶಕರು ನನ್ನನ್ನು ಕರೆದು, "ಹಸಿರು ಅಂದಿರೋದ್ರಲ್ಲಿ ಒಂದನ್ನ ನೀವೇ ಮಾಡಿ ನೋಡ್ಬಿಡಿ. ಆಗ್ಲಿಲ್ಲ ಅಂದ್ರೆ ಇದನ್ನ ಇಲ್ಲಿಗೇ ನಿಲ್ಲಿಸೋಣ" ಎಂದರು. ಶ್ರುತಿಯ ಎರಡು ವರ್ಷದ ದುಡಿಮೆ ನನ್ನ ಒಂದು ಫ್ಲಾಸ್ಕಿಗೆ ಬಂದು ನಿಂತಿತು.

ಹೇಗೆ ಮಾಡಬೇಕೆಂದೂ ಸಾಫ್ಟ್‌ವೇರ್ ಬರೆದಿತ್ತು: ದ್ರಾವಣ ಬಹಳ ತೆಳ್ಳಗಿರಬೇಕು, ತೊಟ್ಟು ತೊಟ್ಟಾಗಿ ಎಂಟು ಗಂಟೆ ಬಿಡಬೇಕು. ತೊಟ್ಟಿಕ್ಕಿಸುವ ಪಂಪು ಅವತ್ತು ಬೇರೆಯವರ ಹತ್ತಿರ ಇತ್ತು. "ನಾಳೆ ಸಿಗುತ್ತೆ, ಕಾಯೋಣ ಸರ್" ಎಂದಳು ಶ್ರುತಿ. "ಪಂಪು ಗಿಂಪು ಯಾಕಮ್ಮಾ? ಮೂವತ್ತು ವರ್ಷದ ಕೈ ಇದು" ಎಂದು ನಲವತ್ತು ನಿಮಿಷದಲ್ಲಿ ಸುರಿದು ಮುಗಿಸಿದೆ, ಮಧ್ಯೆ ಕಾಫಿಗೂ ಹೋಗಿಬಂದೆ. ಸಿಕ್ಕಿದ್ದು ಪುಳಿಯೋಗರೆ ಗೊಜ್ಜಿನಂಥ ಅಂಟು. "ನೋಡಿದ್ಯಾ? ಆಗಲ್ಲ" ಎಂದೆ. ನಿಜ ಹೇಳುತ್ತೇನೆ, ಒಳಗೊಳಗೇ ಹಿಗ್ಗಿದೆ. ಶ್ರುತಿ "ಆಗಲಿಲ್ಲ" ಎಂದು ಸಾಫ್ಟ್‌ವೇರಿಗೆ ತುಂಬಿದಳು. ಮಂಗಳವಾರ ಮೀಟಿಂಗು, ಅಲ್ಲಿ ನಿರ್ಧಾರ.

ಭಾನುವಾರ ಸುಮಿತ್ರಾ ಕೋಡುಬಳೆ ಹೊಸೆದಿಟ್ಟು, "ಸ್ವಲ್ಪ ಕರೀತಾ ಇರಿ, ಬಂದೆ" ಎಂದು ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಹೋದಳು. ನಾಲ್ಕು ನಾಲ್ಕಾಗಿ ಎಷ್ಟು ಹೊತ್ತು ಕರೆಯುವುದು? ತಟ್ಟೆಯಲ್ಲಿದ್ದುದನ್ನೆಲ್ಲ ಬಾಣಲೆಗೆ ಜಾರಿಸಿದೆ. ಅವಳು ತಿರುಗಿ ಬಂದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ ರಾಮಾ! ಒಂದೇ ಸಲ ಇಷ್ಟೊಂದು ಹಾಕ್ಬಿಟ್ರೇನ್ರೀ? ಜಾಗ ಕೊಡ್ದಿದ್ರೆ ಒಂದಕ್ಕೊಂದು ಅಂಟ್ಕೊಳ್ದೆ ಇನ್ನೇನಾಗುತ್ತೆ? ನಿಮ್ಮ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!"

ನಾನು ಜಾಲರಿ ಸೌಟು ಹಿಡಿದು ಹಾಗೇ ನಿಂತೆ. ಫ್ಲಾಸ್ಕಿನಲ್ಲಿ ನಡೆದದ್ದೂ ಇದೇ. ಜಾಗ ಬಿಟ್ಟು, ನಿಧಾನವಾಗಿ ಹಾಕಿದರೆ ಅಣು ತನ್ನ ಬಾಲವನ್ನು ತಾನೇ ಹಿಡಿಯುತ್ತದೆ. ಗುಂಪಾಗಿ ಸುರಿದರೆ ಪಕ್ಕದವನ ಬಾಲ ಹಿಡಿಯುತ್ತದೆ. ಇದು ನನಗೆ ಹೊಸ ವಿಷಯವೇ? ಹೊಸದಾಗಿ ಸೇರಿದವರಿಗೆಲ್ಲ ನಾನೇ ಪಾಠ ಹೇಳಿದ್ದೇನೆ! ಅವತ್ತು ಅಂಟಿಕೊಂಡ ಆ ಮುದ್ದೆಯನ್ನು ನಾನೊಬ್ಬನೇ ತಿಂದೆ.

ಸೋಮವಾರ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಓಡಿದೆ. ಶ್ರುತಿ ಬಂದು ಕಂಪ್ಯೂಟರ್ ತೆರೆದರೆ ಪಟ್ಟಿಯ ತುಂಬ ಕೆಂಪು. "ನಿಮ್ಮ ರಿಸಲ್ಟ್ ಕಲಿತ ಮೇಲೆ ಆ ಥರದ ಉಂಗುರಕ್ಕೆಲ್ಲ ಆಗಲ್ಲ ಅಂತಿದೆ ಸರ್" ಎಂದಳು. ನನ್ನ ಮಾತನ್ನು ಅದು ನನಗಿಂತ ಚೆನ್ನಾಗಿ ಆಡುತ್ತಿತ್ತು. ನಾಚಿಕೆಯಾಯಿತು. "ತಪ್ಪು ಅದರದ್ದಲ್ಲಮ್ಮಾ, ನಂದು. ಪಂಪು ತಗೊಂಡ್ಬಾ" ಎಂದೆ. ಎಂಟು ಗಂಟೆ ಸ್ಟೂಲಿನ ಮೇಲೆ ಕೂತು ತೊಟ್ಟು ಎಣಿಸಿದೆ. ಆ ಯಾತನೆ ಶತ್ರುವಿಗೂ ಬೇಡ. ಸಂಜೆ ಪರೀಕ್ಷಿಸಿದರೆ ಉಂಗುರ ಮುದ್ದಾಗಿ ಕೂಡಿಕೊಂಡಿತ್ತು.

ಮಂಗಳವಾರ ಎಲ್ಲರ ಮುಂದೆ ಒಪ್ಪಿಕೊಂಡೆ. ಸಾಫ್ಟ್‌ವೇರ್ ಉಳಿಯಿತು, ಶ್ರುತಿಯ ಮುಖ ಅರಳಿತು. ಆದರೆ ಹಳೆಯ "ಆಗಲಿಲ್ಲ"ವನ್ನು ತಿದ್ದಲು ನಾನೇ ಕಾರಣ ಆರಿಸಬೇಕಿತ್ತು. ಪರದೆಯ ಮೇಲೆ ಶಾಖ, ತೇವಾಂಶ, ದ್ರಾವಕ ಎಲ್ಲ ಇದ್ದವು, ಆತುರ ಮಾತ್ರ ಇರಲಿಲ್ಲ.

"ಏನು ಒತ್ತಲಮ್ಮಾ?" ಎಂದೆ.

"ಇತರೆ ಅಂತ ಇದೆಯಲ್ಲ, ಅದನ್ನ ಒತ್ತಿ ಸರ್. ಸ್ವಲ್ಪ ನಿಧಾನ ಅದು, ಒಂದೇ ಸಲ ಒತ್ತಿ ಕಾಯ್ಬೇಕು."

ಅವಳು ಮಾತು ಮುಗಿಸುವಷ್ಟರಲ್ಲಿ ನಾನು ಐದು ಸಲ ಒತ್ತಿಯಾಗಿತ್ತು.